ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರಾಫ್ ಲೈಬ್ರರಿಯ ಕೈಪಿಡಿ ಕೆಲಸ

ಮ್ಯಾಟ್‌ಪ್ಲಾಟ್‌ಲಿಬ್ ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಓಪನ್ ಸೋರ್ಸ್ ಲೈಬ್ರರಿ. ಅದರ ಡಾಕ್ಯುಮೆಂಟೇಶನ್‌ಗೆ ಕೈಹಾಕಿರುವ ಮುಂಬೈ, ಪುಣೆ, ಗೋವಾದ ಓದುಗರಿಂದ ಈ ಸಲ ನಾಲ್ಕು ಪ್ರಶ್ನೆಗಳು ಬಂದಿವೆ.

ಪ್ರಶ್ನೆ: ಎರಡು ಸಾಲು ತಿದ್ದಿ ಡಾಕ್ಸ್ ಬಿಲ್ಡ್‌ಗೆ (ಫೈಲ್‌ಗಳಿಂದ ಕೈಪಿಡಿಯ ವೆಬ್ ಪುಟ ತಯಾರಿಸುವ ಕೆಲಸಕ್ಕೆ) ಕೊಟ್ಟರೆ ಸ್ಲೋ ಲೋಕಲ್ ರೈಲು ಹತ್ತಿ ಮುಂಬೈನ ಸಿಎಸ್‌ಎಂಟಿ ನಿಲ್ದಾಣ ಮುಟ್ಟಬಹುದು, ಅಷ್ಟು ಹೊತ್ತು ಹಿಡಿಯುತ್ತದೆ. ಕೊನೆಗೆ ಒಂದೇ ಒಂದು ವಾರ್ನಿಂಗ್ ಇದ್ದರೂ ಫೇಲ್. ಇದಕ್ಕೇನು ದಾರಿ?
– ಓದುಗರು, ಡೊಂಬಿವಲಿ

ಉತ್ತರ: ಹೊತ್ತು ತಿನ್ನುವುದು ಪುಟಗಳಲ್ಲ, ಗ್ಯಾಲರಿ. ಪುಟ ಕಟ್ಟುವ ಸಾಧನ ಸ್ಫಿಂಕ್ಸ್. ಅದರ ಜೊತೆಗಿನ ಸ್ಫಿಂಕ್ಸ್-ಗ್ಯಾಲರಿ ನೂರಾರು ಉದಾಹರಣೆ ಫೈಲ್‌ಗಳನ್ನು ನಿಜವಾಗಿ ಓಡಿಸಿ ಚಿತ್ರ ತೆಗೆಯುತ್ತದೆ. ನೀವು ತಿದ್ದಿದ್ದು ಬರೀ ಬರಹವಾದರೆ ಡಾಕ್ ಫೋಲ್ಡರ್‌ಗೆ ಹೋಗಿ ‘ಮೇಕ್ ಎಚ್‌ಟಿಎಂಎಲ್-ನೋಪ್ಲಾಟ್’ ಎಂಬ ಕಮಾಂಡ್ ಕೊಡಿ, ಗ್ಯಾಲರಿ ಓಡುವುದಿಲ್ಲ. ಚಿತ್ರವೂ ಬೇಕೆಂದರೆ ಮೇಕ್‌ನ ‘ಓ’ ಆಯ್ಕೆಯಲ್ಲಿ ‘-ಜೆ4’ ಎಂದು ಕೊಟ್ಟು ಕೆಲಸವನ್ನು ನಾಲ್ಕು ಕೋರ್‌ಗೆ ಹಂಚಿ. ಮೆಮೊರಿ ಕಡಿಮೆ ಇದ್ದರೆ ಎರಡೇ ಸಾಕು. ಒಮ್ಮೆ ಪೂರ್ತಿ ಬಿಲ್ಡ್ ಆದಮೇಲೆ ಬದಲಾದ ಉದಾಹರಣೆ ಮಾತ್ರ ಮತ್ತೆ ಓಡುತ್ತದೆ. ಆದ್ದರಿಂದ ಪ್ರತಿ ಸಲ ‘ಮೇಕ್ ಕ್ಲೀನ್’ ಹೊಡೆಯುವ ಅಭ್ಯಾಸವಿದ್ದರೆ ಬಿಡಿ, ಉಳಿಸಿಕೊಂಡಿದ್ದೆಲ್ಲ ಅದರಿಂದ ಅಳಿಸಿಹೋಗುತ್ತದೆ. ಫೈಲಿನ ಹೆಸರನ್ನೋ ಜಾಗವನ್ನೋ ಬದಲಿಸಿದಾಗ ಮಾತ್ರ ಅದರ ಅಗತ್ಯ.

ವಾರ್ನಿಂಗ್ ಬಂದರೆ ಫೇಲ್ ಮಾಡುವುದು ಬೇಕೆಂದೇ ಇಟ್ಟ ಕಟ್ಟುನಿಟ್ಟು. ಅದು ಇಲ್ಲದಿದ್ದರೆ ಫಂಕ್ಷನ್ನಿನ ಹೆಸರು ಬದಲಾದ ದಿನ ಅದಕ್ಕೆ ಹೋಗುತ್ತಿದ್ದ ಲಿಂಕ್‌ಗಳೆಲ್ಲ ಸದ್ದಿಲ್ಲದೆ ಸತ್ತಿರುತ್ತವೆ. ಪಟ್ಟಿಗೆ ಮೊದಲು ಖಾಲಿ ಸಾಲು ಬಿಡದಿರುವುದು, ಶೀರ್ಷಿಕೆಯ ಕೆಳಗೆರೆ ಗಿಡ್ಡವಾಗಿರುವುದು, ತಪ್ಪು ಹೆಸರಿಗೆ ಕೊಟ್ಟ ಲಿಂಕ್: ಹೆಚ್ಚಿನ ವಾರ್ನಿಂಗ್‌ಗಳ ಮೂಲ ಇಷ್ಟೇ. ವಾರ್ನಿಂಗ್ ಕೊಡದೆ ಕೆಡುವುದೂ ಉಂಟು. ಡಾಕ್‌ಸ್ಟ್ರಿಂಗ್‌ನಲ್ಲಿ (ಕೋಡಿನೊಳಗೇ ಫಂಕ್ಷನ್ನಿಗೆ ಬರೆಯುವ ವಿವರಣೆಯಲ್ಲಿ) ಪ್ಯಾರಾಮೀಟರ್ ಹೆಸರು, ಕೋಲನ್, ಟೈಪ್ ಬರೆಯುವಾಗ ಕೋಲನ್‌ನ ಎರಡೂ ಕಡೆ ಜಾಗ ಬಿಡಬೇಕು. ಎಡಗಡೆ ಬಿಡದಿದ್ದರೆ ಡಾಕ್‌ಸ್ಟ್ರಿಂಗ್ ಬಿಡಿಸಿ ಓದುವ ನಂಪೈಡಾಕ್ ಇಡೀ ಸಾಲನ್ನೇ ಹೆಸರೆಂದುಕೊಳ್ಳುತ್ತದೆ.

ಡಾಕ್‌ಸ್ಟ್ರಿಂಗ್ ತಿದ್ದಿಯೂ ಪುಟ ಬದಲಾಗದಿದ್ದರೆ ಇನ್‌ಸ್ಟಾಲ್ ನೋಡಿ. ಸ್ಫಿಂಕ್ಸ್ ಡಾಕ್‌ಸ್ಟ್ರಿಂಗ್ ಎತ್ತಿಕೊಳ್ಳುವುದು ಇಂಪೋರ್ಟ್ ಆದ ಪ್ಯಾಕೇಜಿನಿಂದ. ಪಿಪ್‌ನಲ್ಲಿ ಹಿಂದೆಂದೋ ಹಾಕಿಕೊಂಡ ಹಳೆಯ ಪ್ರತಿ ಕೂತಿದ್ದರೆ ನಿಮ್ಮ ತಿದ್ದುಪಡಿ ಅದಕ್ಕೆ ಕಾಣುವುದೇ ಇಲ್ಲ. ಸೋರ್ಸ್ ಫೋಲ್ಡರ್‌ನಿಂದ ‘ಎಡಿಟಬಲ್’ ಆಗಿ, ಅಂದರೆ ನೀವು ತಿದ್ದುವ ಫೈಲ್‌ಗಳೇ ಇಂಪೋರ್ಟ್ ಆಗುವಂತೆ, ಇನ್‌ಸ್ಟಾಲ್ ಮಾಡಿ. ಒಂದು ಕಾಗುಣಿತ ತಿದ್ದಲು ಇಷ್ಟೆಲ್ಲ ಬೇಡ. ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ, ಪ್ರಾಜೆಕ್ಟಿನ ಸರ್ವರ್ ತಾನೇ ಬಿಲ್ಡ್ ಮಾಡಿ ಪ್ರಿವ್ಯೂ ತೋರಿಸುತ್ತದೆ.

ಪ್ರಶ್ನೆ: ಡಾಕ್‌ಸ್ಟ್ರಿಂಗ್‌ನ ಸೂತ್ರದಲ್ಲಿ ಥೀಟಾ ಬರೆದರೆ ಪುಟದಲ್ಲಿ ‘ಹೀಟಾ’ ಎಂದಷ್ಟೇ ಬರುತ್ತದೆ, ಯಾಕೆ?
– ಸಂಶೋಧನಾ ವಿದ್ಯಾರ್ಥಿನಿ, ಪುಣೆ

ಉತ್ತರ: ಸೂತ್ರದಲ್ಲಿ ಥೀಟಾ ಬರೆಯುವುದು ಮೊದಲಿಗೆ ಬ್ಯಾಕ್‌ಸ್ಲ್ಯಾಶ್ ಹಾಕಿ. ಬ್ಯಾಕ್‌ಸ್ಲ್ಯಾಶ್ ಆದ ಕೂಡಲೇ ಟಿ ಬಂದರೆ ಪೈಥಾನ್ ಆ ಜೋಡಿಯನ್ನು ಟ್ಯಾಬ್ ಎಂದು ಓದುತ್ತದೆ. ಉಳಿದ ಬಾಲವೇ ನಿಮಗೆ ಕಂಡಿದ್ದು. ಗ್ರೀಕ್ ಅಕ್ಷರ ‘ನ್ಯೂ’ ಬರೆದರೆ ಎನ್ ಹೋಗಿ ಸಾಲು ಮುರಿಯುತ್ತದೆ. ಡಾಕ್‌ಸ್ಟ್ರಿಂಗ್ ಶುರುವಾಗುವ ಮೂರು ಉದ್ಧರಣ ಚಿಹ್ನೆಗಳಿಗೆ ಮೊದಲು ಸಣ್ಣ ಆರ್ ಅಕ್ಷರ ಹಾಕಿ. ಆಗ ಅದು ‘ರಾ ಸ್ಟ್ರಿಂಗ್’ ಆಗಿ, ಬ್ಯಾಕ್‌ಸ್ಲ್ಯಾಶ್ ಇದ್ದ ಹಾಗೇ ಉಳಿಯುತ್ತದೆ. ಸಿಗ್ಮಾ ಸರಿಯಾಗಿ ಬಂತೆಂದು ಆರ್ ಬಿಟ್ಟು ಮುಂದುವರಿಯಬೇಡಿ. ಬ್ಯಾಕ್‌ಸ್ಲ್ಯಾಶ್-ಎಸ್‌ಗೆ ಪೈಥಾನ್‌ನಲ್ಲಿ ಬೇರೆ ಅರ್ಥವಿಲ್ಲ, ಅದಕ್ಕೇ ಅದು ಬಚಾವ್.

ಪ್ರಶ್ನೆ: ಹಳೆಯ ಉದಾಹರಣೆಗಳಲ್ಲೆಲ್ಲ 19680801 ಎಂಬ ಸಂಖ್ಯೆ ಇದೆಯಲ್ಲ, ಏನದು? ತೆಗೆದರೆ ನಡೆಯುತ್ತದೆಯೇ?
– ಓದುಗರು, ಮಾಪುಸಾ

ಉತ್ತರ: ತೆಗೆಯಬೇಡಿ. ಅದು ರ್‍ಯಾಂಡಮ್ ಸಂಖ್ಯೆಗಳ ಸೀಡ್, ಅಂದರೆ ಪ್ರತಿ ಸಲ ಅವೇ ಸಂಖ್ಯೆಗಳು ಬರುವಂತೆ ಇಡುವ ಆರಂಭ ಸಂಖ್ಯೆ. ಅದಿಲ್ಲದಿದ್ದರೆ ಪ್ರತಿ ಬಿಲ್ಡ್‌ನಲ್ಲೂ ಚಿತ್ರ ಬೇರೆ ಬರುತ್ತದೆ, ‘ಬಲತುದಿಯ ಆ ಒಂಟಿ ಚುಕ್ಕೆ ನೋಡಿ’ ಎಂಬ ಪಕ್ಕದ ವಿವರಣೆ ಸುಳ್ಳಾಗುತ್ತದೆ. ಯಾವ ಸಂಖ್ಯೆ ಇಟ್ಟರೂ ನಡೆಯುತ್ತಿತ್ತು. ಇದು ಲೈಬ್ರರಿಯನ್ನು ಆರಂಭಿಸಿದ ಜಾನ್ ಹಂಟರ್ ಹುಟ್ಟಿದ ದಿನ, 1968ರ ಆಗಸ್ಟ್ 1. ಅವರು ತೀರಿಕೊಂಡಿದ್ದು 2012ರ ಆಗಸ್ಟ್‌ನಲ್ಲಿ.

ಪ್ರಶ್ನೆ: ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಟ್ಯುಟೋರಿಯಲ್ ಬರೆಯುತ್ತಿದ್ದೇನೆ. ಗ್ರಾಫಿನ ಅಕ್ಷದ ಹೆಸರುಗಳು ಮೊದಲು ಚೌಕಗಳಾಗಿ ಬಂದವು. ಫಾಂಟ್ ಬದಲಿಸಿದ ಮೇಲೆ ಒತ್ತಕ್ಷರ ಒಡೆದು ಬರುತ್ತಿದೆ.
– ಶಿಕ್ಷಕರು, ಮಾಟುಂಗಾ

ಉತ್ತರ: ಇವು ಬೇರೆ ಬೇರೆ ಎರಡು ತೊಂದರೆ. ಡೀಫಾಲ್ಟ್ ಫಾಂಟ್ ಡೆಜಾವು ಸ್ಯಾನ್ಸ್‌ನಲ್ಲಿ ಕನ್ನಡವಿಲ್ಲ, ಅದಕ್ಕೇ ಚೌಕ. ‘ಗ್ಲಿಫ್ 3221 ಇಲ್ಲ’ ಎಂಬ ವಾರ್ನಿಂಗ್ ಬಂದಿದ್ದರೆ 3221 ಎಂಬುದು ‘ಕ’ ಅಕ್ಷರದ ಯೂನಿಕೋಡ್ ಸಂಖ್ಯೆ. ‘ಫಾಂಟ್.ಫ್ಯಾಮಿಲಿ’ ಸೆಟ್ಟಿಂಗ್‌ಗೆ ಮೊದಲು ನೋಟೋ ಸ್ಯಾನ್ಸ್ ಕನ್ನಡ, ಅದರ ನಂತರ ಡೆಜಾವು ಎಂದು ಪಟ್ಟಿ ಕೊಡಿ. ಮ್ಯಾಟ್‌ಪ್ಲಾಟ್‌ಲಿಬ್ 3.6ರಿಂದೀಚೆಗೆ ಒಂದು ಫಾಂಟ್‌ನಲ್ಲಿ ಸಿಗದ ಅಕ್ಷರವನ್ನು ಮುಂದಿನದರಲ್ಲಿ ಹುಡುಕುತ್ತದೆ.

ಒತ್ತಿನದು ಫಾಂಟ್‌ನ ತಪ್ಪಲ್ಲ. 3.10ರವರೆಗಿನ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆ, ಜೋಡಿಸುವುದಿಲ್ಲ. ‘ಉಷ್ಣಾಂಶ’ ಎಂದು ಬರೆದರೆ ‘ಉಷ್‌ಣಾಂಶ’ ಬರುವುದು ಇದರಿಂದ. ಪುಟ ಬ್ರೌಸರ್‌ನಲ್ಲಿ ಓದುವುದಾದರೆ ‘ಎಸ್‌ವಿಜಿ.ಫಾಂಟ್‌ಟೈಪ್’ ಅನ್ನು ‘ನನ್’ ಮಾಡಿ ಚಿತ್ರವನ್ನು ಎಸ್‌ವಿಜಿ (ಬ್ರೌಸರ್ ತಾನೇ ಬಿಡಿಸುವ ಗೆರೆಚಿತ್ರದ ಫೈಲ್) ಆಗಿ ಉಳಿಸಿ. ಆಗ ಬರಹ ಬರಹವಾಗಿಯೇ ಹೋಗುತ್ತದೆ, ಜೋಡಿಸುವ ಕೆಲಸ ಬ್ರೌಸರ್ ಮಾಡುತ್ತದೆ. ಆದರೆ ಓದುವವರ ಯಂತ್ರದಲ್ಲೂ ಕನ್ನಡ ಫಾಂಟ್ ಇರಬೇಕು. ಅಂಚಿನ ಅಳತೆಯೂ ಸ್ವಲ್ಪ ತಪ್ಪಬಹುದು, ಏಕೆಂದರೆ ಲೆಕ್ಕ ಹಾಕಿದ್ದು ಒಡೆದ ಅಕ್ಷರಗಳ ಅಗಲಕ್ಕೆ. ಮುದ್ರಣಕ್ಕಾದರೆ ಬರಹ ಜೋಡಿಸುವ ಕೆಲಸವನ್ನು ಲೇಟೆಕ್‌ಗೆ ಒಪ್ಪಿಸುವ ಪಿಜಿಎಫ್ ಬ್ಯಾಕೆಂಡ್ ಮತ್ತು ಯೂನಿಕೋಡ್ ಬಲ್ಲ ಲೇಟೆಕ್ ಆದ ಝೀಲೇಟೆಕ್ ಒಳ್ಳೆಯದು. ‘ಪಿಜಿಎಫ್.ಆರ್‌ಸಿಫಾಂಟ್ಸ್’ ಫಾಲ್ಸ್ ಇರಲಿ, ಲೇಟೆಕ್‌ನಲ್ಲಿ ಫಾಂಟ್ ಆರಿಸುವ ಪ್ಯಾಕೇಜ್ ಫಾಂಟ್‌ಸ್ಪೆಕ್‌ನಲ್ಲಿ ಸ್ಕ್ರಿಪ್ಟ್ ‘ಕನ್ನಡ’ ಎಂದು ಹೇಳುವುದನ್ನು ಮರೆಯಬೇಡಿ.

ನೀವು ಕೇಳದಿದ್ದರೂ ಇನ್ನೊಂದು: ಸ್ಫಿಂಕ್ಸ್‌ನಲ್ಲಿ ಕನ್ನಡ ಶೀರ್ಷಿಕೆಗೆ ಕೆಳಗೆರೆ ಹಾಕುವಾಗ ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ‘ಗಾಳಿಯ ವೇಗ’ ಕಣ್ಣಿಗೆ ಐದು ಅಕ್ಷರ, ಒಂದು ಖಾಲಿ ಜಾಗ. 6 ಸಮ ಚಿಹ್ನೆ (=) ಸಾಕೆನಿಸುತ್ತದೆ, ಬೇಕಾಗುವುದು 9. ಎಣಿಸುತ್ತ ಕೂರುವ ಬದಲು 40 ಹೊಡೆದುಬಿಡಿ. ಗೆರೆ ಉದ್ದವಾದರೆ ಸ್ಫಿಂಕ್ಸ್ ತಕರಾರು ಮಾಡುವುದಿಲ್ಲ.