ಜಪಾನಿನ ಹಳೆ ಫ್ಲ್ಯಾಟು: ಅಡುಗೆಮನೆ ಆಮೇಲೆ, ಕಾಗದ ಮೊದಲು

ಪ್ರಶ್ನೆ: ಮಗ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾನೆ. 1982ರಲ್ಲಿ ಮುಗಿದ ಐದು ಮಾಳಿಗೆಯ ಕಟ್ಟಡವೊಂದರಲ್ಲಿ 65 ಚದರ ಮೀಟರಿನ ಫ್ಲ್ಯಾಟು ನೋಡಿದ್ದಾನೆ. ಅಡುಗೆಮನೆ, ನೆಲ ಎಲ್ಲ ಹೊಸತು, ಬೆಲೆಯೂ ಕಡಿಮೆ. 1981ರ ಭೂಕಂಪ ನಿಯಮದ ನಂತರದ ಕಟ್ಟಡ, ಹೆದರಬೇಡಿ ಎಂದು ದಲ್ಲಾಳಿ ಹೇಳಿದರಂತೆ. ಕೊಳ್ಳಬಹುದೇ?
– ಓದುಗರು, ಬದಿಯಡ್ಕ

ಉತ್ತರ: ದಲ್ಲಾಳಿಯ ಮಾತನ್ನು ನಂಬಿ ಮುಂಗಡ ಕೊಡಬೇಡಿ. ಹೊಸ ನಿಯಮ ಜಾರಿಗೆ ಬಂದದ್ದು 1981ರ ಜೂನ್ 1ಕ್ಕೆ. ಆದರೆ ನೋಡಬೇಕಾದ್ದು ಕಟ್ಟಡ ಮುಗಿದ ದಿನವನ್ನಲ್ಲ, ನಕ್ಷೆ ಮಂಜೂರಾದ ದಿನವನ್ನು. 1982ರಲ್ಲಿ ಮುಗಿದ ಕಟ್ಟಡಕ್ಕೆ 1980ರಲ್ಲೇ ಮಂಜೂರಾತಿ ಸಿಕ್ಕಿರಬಹುದು. ಆ ದಿನಾಂಕದ ದಾಖಲೆ ನಗರಾಡಳಿತದ ಕಟ್ಟಡ ವಿಭಾಗದಲ್ಲಿ ಸಿಗುತ್ತದೆ. ಗೃಹಸಾಲದ ತೆರಿಗೆ ರಿಯಾಯಿತಿಗೆ ಮಾತ್ರ 1982ರಿಂದೀಚೆಗಿನ ಕಟ್ಟಡವೆಂದು ನೋಂದಣಿಯಲ್ಲಿದ್ದರೆ ಸಾಕು. ರಿಯಾಯಿತಿ ಸಿಕ್ಕಿತೆಂದು ಕಟ್ಟಡ ಗಟ್ಟಿ ಎಂದುಕೊಳ್ಳಬಾರದು. 1995ರ ಕೋಬೆ ಭೂಕಂಪದಲ್ಲಿ ಹೆಚ್ಚು ಪೆಟ್ಟು ತಿಂದದ್ದು ಹಳೆ ನಿಯಮದ ಕಟ್ಟಡಗಳೇ. ಹಳೆ ನಿಯಮದ್ದಾದರೆ ಭೂಕಂಪ ತಾಳಿಕೆಯ ತಪಾಸಣೆಯ ವರದಿ, ಬಲಪಡಿಸಿದ ಕೆಲಸದ ದಾಖಲೆ ಎರಡನ್ನೂ ಕೇಳಿ. ಎರಡೂ ಇಲ್ಲದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು.

ಇಲ್ಲಿ ಹತ್ತು ಸೆಂಟ್ಸ್ ಜಾಗಕ್ಕೂ ಹಿಂದಿನ ಆಧಾರ, ಋಣಭಾರ ಪತ್ರ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಅಲ್ಲಿ ಅದೇ ಜಾಗ್ರತೆ ಮಾಲೀಕರ ಸಂಘದ ಲೆಕ್ಕದ ಮೇಲೆ ಬೇಕು. 'ಜೂಯೋ ಜಿಕೋ ಚೋಸಾ ಹೋಕೊಕುಶೋ' (ಮುಖ್ಯ ವಿಷಯಗಳ ತನಿಖಾ ವರದಿ) ಎಂಬ ವರದಿಯನ್ನು ದಲ್ಲಾಳಿಯ ಮೂಲಕ ತರಿಸಿಕೊಳ್ಳಲಿ. ದುರಸ್ತಿ ನಿಧಿಯಲ್ಲಿ ಎಷ್ಟುಂಟು, ಸಂಘಕ್ಕೆ ಸಾಲವಿದೆಯೇ, ಮಾಸಿಕ ವಂತಿಗೆ ಏರಿಸುವ ತೀರ್ಮಾನವಾಗಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಮಾರುವವರು ಬಾಕಿ ಇಟ್ಟ ವಂತಿಗೆ ಕಾನೂನಿನ ಪ್ರಕಾರ ಕೊಂಡವರ ತಲೆಗೇ ಬರುತ್ತದೆ. ಹೊರಗೋಡೆ, ತಾರಸಿಯ ದೊಡ್ಡ ದುರಸ್ತಿ ಸಾಮಾನ್ಯವಾಗಿ 12–15 ವರ್ಷಕ್ಕೊಮ್ಮೆ. ಸರಕಾರದ 2021ರ ಮಾರ್ಗಸೂಚಿಯಂತೆ 20 ಮಾಳಿಗೆಗಿಂತ ಕೆಳಗಿನ, ಒಟ್ಟು 5,000 ಚದರ ಮೀಟರಿಗಿಂತ ಚಿಕ್ಕ ಕಟ್ಟಡದಲ್ಲಿ ದುರಸ್ತಿ ನಿಧಿಗೆ ಚದರ ಮೀಟರಿಗೆ ತಿಂಗಳಿಗೆ ಸರಾಸರಿ 335 ಯೆನ್ ಬೇಕು. 65 ಚದರ ಮೀಟರಿಗೆ 21,775 ಯೆನ್ ಆಯಿತು. ಅಲ್ಲಿ 6,000 ಮಾತ್ರ ವಸೂಲು ಮಾಡುತ್ತಿದ್ದರೆ ಅದು ಅಗ್ಗವಲ್ಲ, ಮುಂದಕ್ಕೆ ಹಾಕಿದ ಖರ್ಚು.

ಇನ್ನು ಪೈಪು. ಹೊಸ ಅಡುಗೆಮನೆಯ ಹಿಂದೆ ನಲವತ್ತು ವರ್ಷದ ಕಬ್ಬಿಣದ ಪೈಪು ಹಾಗೆಯೇ ಉಳಿದಿರುವುದುಂಟು. ಸ್ನಾನದ ಕೋಣೆಯ ಸೀಲಿಂಗಿನಲ್ಲಿ ಸಾಧಾರಣ ಒಂದು ಚೌಕ ಮುಚ್ಚಳ ಇರುತ್ತದೆ. ಮಗ ಅದನ್ನೆತ್ತಿ ಟಾರ್ಚು ಬಿಟ್ಟು ನೋಡಲಿ. ಮೇಲಿನ ಮನೆಯ ಬಚ್ಚಲ ಪೈಪು ಅಲ್ಲೇ ಹಾದುಹೋಗಿದ್ದರೆ, ಇವನ ಪೈಪು ಕೆಳಮನೆಯವರ ಸೀಲಿಂಗಿನಲ್ಲಿದೆ ಎಂದೇ ಅರ್ಥ. ನಾಳೆ ಅದು ಸೋರಿದರೆ ಅವರ ಸೀಲಿಂಗ್ ಒಡೆಯದೆ ಕೆಲಸವಾಗದು. ಜೋಡಣೆಯ ಸುತ್ತ ತುಕ್ಕು, ಕಾಂಕ್ರೀಟಿನಲ್ಲಿ ಬಿಳಿ ಗೆರೆ ಕಂಡರೆ ಫೋಟೋ ತೆಗೆದು ಕೇಳಲಿ. ತಣ್ಣೀರು, ಬಿಸಿನೀರು, ಕೊಳೆನೀರು ಮೂರರಲ್ಲಿ ಯಾವ ಪೈಪನ್ನು ಎಲ್ಲಿವರೆಗೆ ಬದಲಿಸಿದ್ದಾರೆ ಎಂಬುದು ಬರಹದಲ್ಲಿ ಬೇಕು.

ಕಿಟಕಿ ಸಾಮಾನ್ಯವಾಗಿ ಸಂಘದ ಸೊತ್ತು, ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಒಂದೇ ಗಾಜಿನದಾದರೆ ನಮ್ಮ ಆಟಿಯ ಬೂಸಲು ಅಲ್ಲಿ ಚಳಿಗಾಲದಲ್ಲಿ ಬರುತ್ತದೆ. ಒಳಗಿನಿಂದ ಎರಡನೇ ಕಿಟಕಿ ಕೂರಿಸಿದರೆ ತುಂಬ ಕಡಿಮೆಯಾಗುತ್ತದೆ.

ಮಾರುವವರು ರಿಯಲ್ ಎಸ್ಟೇಟ್ ಕಂಪೆನಿಯಾದರೆ ದೋಷದ ಹೊಣೆ ಕನಿಷ್ಠ 2 ವರ್ಷ. ಖಾಸಗಿ ವ್ಯಕ್ತಿಯಾದರೆ ಮೂರು ತಿಂಗಳಿಗೆ ಇಳಿಸಬಹುದು, ಇಲ್ಲವೆಂದೇ ಬರೆಸಬಹುದು.

ಪ್ರಶ್ನೆ: ಜಪಾನಿನಲ್ಲಿ ಮಗ 2 ಕೋಟಿ ಯೆನ್‌ನ ಫ್ಲ್ಯಾಟು ಕೊಳ್ಳುತ್ತಿದ್ದಾನೆ. ಅಡಿಕೆ ಮಾರಿದ 15 ಲಕ್ಷ ರೂಪಾಯಿ ಕಳಿಸಬೇಕೆಂದಿದ್ದೇನೆ. ಖರ್ಚು ಎಷ್ಟು?
– ಓದುಗರು, ಪೆರ್ಲ

ಉತ್ತರ: ದಲ್ಲಾಳಿಯ ಶುಲ್ಕ ಹೆಚ್ಚೆಂದರೆ ಬೆಲೆಯ ಶೇ. 3, ಮೇಲೆ 60,000 ಯೆನ್, ಅದರ ಮೇಲೆ ಶೇ. 10 ತೆರಿಗೆ: 7,26,000 ಯೆನ್. ನೋಂದಣಿ, ಸ್ಟಾಂಪು, ವಿಮೆ ಬೇರೆ. ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದೆ ಸಿಗಬೇಕು ಎಂಬ ಷರತ್ತು ಕರಾರಿನಲ್ಲಿರಲಿ.

ಇಲ್ಲಿಂದ ಕಳಿಸುವುದಕ್ಕೆ ಪ್ಯಾನ್ ಕಾರ್ಡು, ಬ್ಯಾಂಕಿನ ಎ2 ಫಾರ್ಮು ಬೇಕು. 2025ರ ಏಪ್ರಿಲ್‌ನಿಂದ ಹಣಕಾಸು ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಶೇ. 20 ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ), ನಿಮಗೆ 1 ಲಕ್ಷ ರೂಪಾಯಿ. ಅದನ್ನು ರಿಟರ್ನ್ಸ್‌ನಲ್ಲಿ ಹಿಂದೆ ಪಡೆಯಬಹುದು. ಜಪಾನಿನ ಉಡುಗೊರೆ ತೆರಿಗೆ ಮಾತ್ರ ಮಗನ ವೀಸಾದ ಬಗೆಯ ಮೇಲೆ ಹೋಗುತ್ತದೆ. ಹಣ ಹಾಕುವ ಮೊದಲೇ ಅವನು ಅಲ್ಲಿಯ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಲಿ.