ಹೆಸರು ಎಣಿಸಿದರೆ ಸಾಲದು, ಹೇಳುತ್ತಿರುವವರು ಯಾರೆಂದು ನೋಡಿ

ನಮಸ್ಕಾರ,

ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯ ‘ಫಸ್ಟ್ ಫ್ಲೈಟ್’ನಲ್ಲಿ ಯಾವ ಸಂಸ್ಕೃತಿಗೆ ಎಷ್ಟು ಜಾಗ ಸಿಕ್ಕಿದೆ ಎಂಬ ನಿಮ್ಮ ಲೇಖನ ಓದಿದೆವು. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ವ್ಯಕ್ತಿಗಳ, ಊರುಗಳ ಹೆಸರು ಎಣಿಸಿ, ಭಾರತದವೇ ಹೆಚ್ಚು ಇವೆಯೆಂದು ‘ನಮ್ಮ ಸಂಸ್ಕೃತಿಗೆ ನ್ಯಾಯ ಸಿಕ್ಕಿದೆ’ ಎಂದುಬಿಟ್ಟಿದ್ದೀರಿ. ಬರೀ ಎಣಿಕೆಯಿಂದ ಅಷ್ಟು ದೊಡ್ಡ ಮಾತು ಹೊರಡುವುದಿಲ್ಲ.

‘ಗ್ಲಿಂಪ್ಸಸ್ ಆಫ್ ಇಂಡಿಯಾ’ ಪಾಠವನ್ನೇ ನೋಡಿ. ಗೋವಾದ ಬ್ರೆಡ್ಡಿನವನು, ಕೊಡಗು, ಅಸ್ಸಾಮಿನ ಚಹಾ, ಮೂರಕ್ಕೂ ಒಂದೇ ಗುರುತು ಹಾಕಿದ್ದೀರಿ. ಗೋವಾದ ಭಾಗ ಬರೆದವರು ಅದನ್ನು ಬಾಲ್ಯದಲ್ಲಿ ಕಂಡವರು: ಬಿದಿರ ಕೋಲಿನ ಸದ್ದು, ಮದುವೆಗೆ ಬೇಕೇಬೇಕಾದ ಬೋಲ್ ಎಂಬ ಸಿಹಿ ಬ್ರೆಡ್, ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ತಿಂಗಳ ಲೆಕ್ಕ. ಕೊಡಗಿನ ಭಾಗ ಪ್ರವಾಸಿಗಾಗಿ ಬರೆದದ್ದು. ಕಾಫಿ ಇದೆ, ಕೋವಿ ಇದೆ, ನೋಡಬೇಕಾದ ಜಾಗಗಳಿವೆ; ಕೊಡವರೊಬ್ಬರೂ ಬಾಯಿಬಿಡುವುದಿಲ್ಲ. ಕುಪ್ಯ ಅರಬರ ಕೂಫಿಯಾದಂತಿದೆ ಎಂಬ ಮಾತೂ ಬರುತ್ತದೆ. ಕುಪ್ಯ ಮೈಗೆ ತೊಡುವ ಉದ್ದನೆಯ ಕಪ್ಪು ಕೋಟು, ಕೂಫಿಯಾ ತಲೆಗೆ ಸುತ್ತುವ ಬಟ್ಟೆ. ಒಳಗಿನವರು ಬರೆದಿದ್ದರೆ ಈ ತಪ್ಪು ನುಸುಳುತ್ತಿರಲಿಲ್ಲ. ಇನ್ನು ಅಸ್ಸಾಮಿನ ಭಾಗದಲ್ಲಿ ಚಹಾದ ಕಥೆ ಹೇಳುವವನು ಓದಿಕೊಂಡು ಬಂದ ರಾಜ್‌ವೀರ್. ತೋಟದಲ್ಲೇ ಹುಟ್ಟಿ ಬೆಳೆದ ಪ್ರಾಂಜೋಲ್ ಕೇಳುವವನು. ನಿಮ್ಮ ಕೋಷ್ಟಕದಲ್ಲಿ ಇದು ‘ಭಾರತೀಯ ಹೆಸರು: 2’ ಅಷ್ಟೆ.

ಭಾಷಾ ಪಠ್ಯಗಳಲ್ಲಿ ಬರುವ ಸಂಸ್ಕೃತಿಗಳನ್ನು ಸಂಶೋಧಕರಾದ ಕೊರ್ಟಾಜಿ ಮತ್ತು ಜಿನ್ 1999ರಲ್ಲಿ ಮೂರಾಗಿ ಮಾಡಿದ ವಿಂಗಡಣೆಯನ್ನು ಬಳಸಿದ್ದೀರಿ: ಕಲಿಯುವವರ ಸ್ವಂತ ಸಂಸ್ಕೃತಿ, ಇಂಗ್ಲಿಷ್ ಮನೆಮಾತಾಗಿರುವ ನಾಡುಗಳದ್ದು, ಉಳಿದ ಜಗತ್ತಿನದು. ಒಳ್ಳೆಯದೇ. ಆದರೆ ಆನ್ ಫ್ರಾಂಕ್ ಎರಡನೆಯದರಲ್ಲಿ ಹೇಗೆ ಬಂದಳು? ಅವಳು ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ಚಿನಲ್ಲಿ ದಿನಚರಿ ಬರೆದವಳು. ‘ಸ್ವಂತ’ ಎಂದರೆ ಯಾರ ಸ್ವಂತ ಎಂಬುದನ್ನೂ ಹೇಳಬೇಕು. ಈ ಪುಸ್ತಕವನ್ನು ಜೈಪುರದ ಮಗುವೂ ಓದುತ್ತದೆ, ಮಡಿಕೇರಿಯ ಮಗುವೂ ಓದುತ್ತದೆ.

ತಿದ್ದುವಾಗ ಮೊದಲು ಪಾಠ, ಚಿತ್ರ, ಅಭ್ಯಾಸಗಳನ್ನು ಬೇರೆಬೇರೆಯಾಗಿ ಎಣಿಸಿ. ಒಂದೇ ರಾಶಿಗೆ ಹಾಕಿದರೆ ಸಣ್ಣದೊಂದು ಚಿತ್ರಕ್ಕೂ ಇಡೀ ಪಾಠಕ್ಕೂ ಒಂದೇ ತೂಕ ಬರುತ್ತದೆ. ಕೋಷ್ಟಕಕ್ಕೆ ಎರಡು ಕಾಲಂ ಸೇರಿಸಿ: ಹೇಳುವವರು ಒಳಗಿನವರೋ ಹೊರಗಿನವರೋ, ತೋರಿಸುತ್ತಿರುವುದು ವಸ್ತುವೋ, ರೂಢಿಯೋ, ನಂಬಿಕೆಯೋ, ವ್ಯಕ್ತಿಯೋ. ಅಭ್ಯಾಸದ ಪ್ರಶ್ನೆಗಳನ್ನಂತೂ ನೀವು ಮುಟ್ಟಿಯೇ ಇಲ್ಲ. ಪಾಠದಿಂದ ಮಾಹಿತಿ ಹೆಕ್ಕಿಸುವ ಪ್ರಶ್ನೆ ಎಷ್ಟು, ತನ್ನ ಊರಿನ ರೂಢಿಯನ್ನು ಪಕ್ಕದಲ್ಲಿಟ್ಟು ನೋಡಲು ಮಗುವಿಗೆ ಹೇಳುವುದು ಎಷ್ಟು? ತರಗತಿಯಲ್ಲಿ ನಿಜವಾಗಿ ನಡೆಯುವುದು ಅಭ್ಯಾಸವೇ. ಹಾಗಾಗಿ ಲೇಖನದ ಜೀವ ಅಲ್ಲಿರಬೇಕು.

ಶೇಕಡಾ 20ರಷ್ಟು ಪುಟಗಳನ್ನು ಇನ್ನೊಬ್ಬರಿಗೆ ಕೊಟ್ಟು, ನಿಮ್ಮದನ್ನು ತೋರಿಸದೆ ಗುರುತು ಹಾಕಿಸಿ. ಇಬ್ಬರ ಗುರುತುಗಳು ಎಷ್ಟು ಶೇಕಡಾ ಹೊಂದಿದವು ಎಂದಷ್ಟೇ ಕೊಡಬೇಡಿ. ಹೆಚ್ಚಿನವು ಒಂದೇ ವರ್ಗಕ್ಕೆ ಬಿದ್ದಾಗ ಆಕಸ್ಮಿಕವಾಗಿಯೂ ಹೊಂದಿಕೆ ಬರುತ್ತದೆ. ಆ ಆಕಸ್ಮಿಕ ಹೊಂದಿಕೆಯನ್ನು ಕಳೆದು ನೋಡುವ ಅಳತೆಯಾದ ಕೋಹೆನ್ಸ್ ಕಪ್ಪಾ ಲೆಕ್ಕ ಹಾಕಿ. ಅದು 0.6ಕ್ಕಿಂತ ಕೆಳಗಿದ್ದರೆ ವರ್ಗಗಳ ವ್ಯಾಖ್ಯೆ ತಿದ್ದಿ ಮತ್ತೆ ಮಾಡಿಸಿ.

ಪೀಠಿಕೆಯ ಮೂರು ಪುಟ ತೆಗೆದು ಒಂದು ಪ್ಯಾರಾಕ್ಕೆ ಇಳಿಸಿ. ಕೋಷ್ಟಕದ ಮೂಲ ಹಾಳೆಯನ್ನೂ ಜೊತೆಗೆ ಕಳಿಸಿ, ಅದನ್ನು ಪಾಠದ ಪಕ್ಕದಲ್ಲಿಟ್ಟುಕೊಂಡೇ ಮತ್ತೆ ಓದುತ್ತೇವೆ.

ಸಂಪಾದಕರು