ಓದುಗರ ಪ್ರಶ್ನೆ: ಸರಕು ಸಾಗಣೆಯ ಒಳಲೆಕ್ಕ

ಪ್ರಶ್ನೆ: ಸಮುದ್ರದ ಮೇಲೆ ಹತ್ತು ಸಾವಿರ ಕಿಲೋಮೀಟರ್ ಸಾಗಿಬರುವ ಸರಕಿಗೆ ಬಾಡಿಗೆ ಕಡಿಮೆ. ಬಂದರಿನಿಂದ ಗೋದಾಮಿಗೆ ಬರುವ ಇನ್ನೂರು ಮುನ್ನೂರು ಕಿಲೋಮೀಟರಿಗೆ ಮಾತ್ರ ಅಷ್ಟೊಂದು ಏಕೆ?

ಉತ್ತರ: ಟನ್ನಿಗೆ, ಕಿಲೋಮೀಟರಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಹಡಗಿಗೆ ಸಾಟಿಯಾದ ವಾಹನವಿಲ್ಲ. 20 ಅಡಿಯ ಇಪ್ಪತ್ತು ಸಾವಿರ ಕಂಟೇನರ್ ಹಿಡಿಸುವ ಹಡಗನ್ನು ಇಪ್ಪತ್ತೈದರ ಆಸುಪಾಸು ಸಿಬ್ಬಂದಿ ನಡೆಸುತ್ತಾರೆ. ರಸ್ತೆಯಲ್ಲಿ ಅಂಥ ಒಂದೆರಡಕ್ಕೇ ಒಂದು ಲಾರಿ, ಒಬ್ಬ ಚಾಲಕ ಬೇಕು. ಹಿಂದಿರುಗುವಾಗ ಲೋಡ್ ಸಿಗದಿದ್ದರೆ ಆ ಖಾಲಿ ಓಟದ ಡೀಸೆಲ್ಲೂ ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ.

ಆದರೆ ದೂರಕ್ಕಿಂತ ಹೆಚ್ಚು ದುಡ್ಡು ತಿನ್ನುವುದು ಏರಿಸಿ ಇಳಿಸುವ ಕೆಲಸ. 1956ರ ಏಪ್ರಿಲ್ 26ರಂದು ಸಾರಿಗೆ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5.86 ಡಾಲರ್ ತಗಲುತ್ತಿತ್ತು. ಆ ಹಡಗಿನಲ್ಲಿ ಸುಮಾರು 16 ಸೆಂಟ್ ಸಾಕಾಯಿತು. ಹಡಗಿನ ವೇಗವೇನೂ ಹೆಚ್ಚಿರಲಿಲ್ಲ. ಮೂಟೆ ಮೂಟೆಯಾಗಿ ಹೊರುವುದು ತಪ್ಪಿತ್ತು, ಅಷ್ಟೇ.

ಕಂಟೇನರಿನ ಎಂಟು ಮೂಲೆಗಳಲ್ಲಿರುವ ಉಕ್ಕಿನ ಗಟ್ಟಿಗಳನ್ನು ಹತ್ತಿರದಿಂದ ನೋಡಿ. ಎಲ್ಲೇ ತಯಾರಾಗಿದ್ದರೂ ಅವುಗಳ ತೂತಿನ ಅಳತೆ ಒಂದೇ. ಟ್ವಿಸ್ಟ್‌ಲಾಕ್ ತೂರಿಸಿ ತಿರುಗಿಸಿದರೆ ಬೀಗ ಬಿತ್ತು. ಕ್ರೇನು, ರೈಲು, ಲಾರಿ, ಹಡಗು ಎಲ್ಲವೂ ಹಿಡಿಯುವುದು ಇದೇ ತೂತನ್ನು. ಒಂದು ದೇಶದಲ್ಲಿ ಬಿಡಿಭಾಗ ಮಾಡಿ ಇನ್ನೊಂದರಲ್ಲಿ ಜೋಡಿಸಿ ಮೂರನೆಯದರಲ್ಲಿ ಮಾರಿದರೂ ಗಿಟ್ಟುತ್ತದೆ ಎಂದಾದರೆ, ಅದರ ಹಿಂದೆ ಈ ಒಂದೇ ಅಳತೆಯ ಪಾಲು ಬಹಳ ದೊಡ್ಡದು.

ಪ್ರಶ್ನೆ: 7 ಕಿಲೋ ತೂಗುವ ಪೆಟ್ಟಿಗೆಗೆ ವಿಮಾನದಲ್ಲಿ 20 ಕಿಲೋ ದರ ಹಾಕಿದ್ದಾರೆ. ಪೆಟ್ಟಿಗೆಯ ಅಳತೆ 60, 50, 40 ಸೆಂ.ಮೀ. ಇದು ಸರಿಯೇ?

ಉತ್ತರ: ಸರಿ. ಮೂರೂ ಅಳತೆ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಹಾಗೆ ಬಂದದ್ದು, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಅನೇಕ ಕೊರಿಯರ್‌ಗಳು 5,000ದಿಂದ ಭಾಗಿಸುತ್ತವೆ, ಆಗ ಇದೇ ಪೆಟ್ಟಿಗೆ 24 ಕಿಲೋ. ಎತ್ತರವನ್ನು ಬರೀ 5 ಸೆಂ.ಮೀ. ತಗ್ಗಿಸಿದರೂ 20 ಕಿಲೋ 17.5ಕ್ಕೆ ಇಳಿಯುತ್ತದೆ.

ಪ್ರಶ್ನೆ: ಕಂಟೇನರಿನಲ್ಲಿ ತೂತಿರಲಿಲ್ಲ, ಬಾಗಿಲಿನ ರಬ್ಬರ್ ಸರಿಯಿತ್ತು. ಆದರೂ ಒಳಗಿನ ರಟ್ಟಿನ ಪೆಟ್ಟಿಗೆಗಳು ನೆನೆದು ಕುಸಿದಿದ್ದವು. ನೀರು ಎಲ್ಲಿಂದ ಬಂತು?

ಉತ್ತರ: ಮೊದಲು ಯಾವ ಸಾಲು ಒದ್ದೆಯಾಗಿದೆ ನೋಡಿ. ಮೇಲಿನ ಸಾಲಿನ ನೆತ್ತಿ ಒದ್ದೆಯಾಗಿ ತಳ ಒಣಗಿದ್ದು, ಚಾವಣಿಯಲ್ಲೂ ತೂತಿಲ್ಲದಿದ್ದರೆ ಆ ನೀರು ನೀವೇ ತುಂಬಿ ಕಳಿಸಿದ್ದು. ಹಗಲ ಬಿಸಿಗೆ ಸರಕು, ರಟ್ಟು, ಸರಕಿನ ಅಡಿಗೆ ಹಾಕುವ ಮರದ ಪ್ಯಾಲೆಟ್ ಎಲ್ಲವೂ ತೇವ ಬಿಡುತ್ತವೆ. ರಾತ್ರಿ ಉಕ್ಕಿನ ಚಾವಣಿ ತಣ್ಣಗಾಗುತ್ತಲೇ ಆ ತೇವ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ‘ಕಂಟೇನರ್ ಮಳೆ’ ಎನ್ನುವುದು ಇದಕ್ಕೇ.

ಇಲ್ಲಿ ಎಲ್ಲರೂ ಮರೆಯುವುದು ಪ್ಯಾಲೆಟ್ಟನ್ನು. ಒಣಗಿದಾಗ 200 ಕಿಲೋ ತೂಗುವಷ್ಟು ಮರ ಒಳಗಿದ್ದು, ಅದರ ತೇವಾಂಶ ದಾರಿಯಲ್ಲಿ ಶೇ 30ರಿಂದ ಶೇ 18ಕ್ಕೆ ಇಳಿದರೆ 24 ಲೀಟರ್ ನೀರು ಗಾಳಿಗೆ ಸೇರುತ್ತದೆ. ಪ್ಯಾಲೆಟ್ ಮೇಲಿನ ‘ಎಚ್‌ಟಿ’ ಮುದ್ರೆ ನೋಡಿ ಮರ ಒಣಗಿದೆ ಎಂದುಕೊಳ್ಳಬೇಡಿ. ಹುಳು ಸಾಯಲೆಂದು ಮರದ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದಷ್ಟೇ ಅದರರ್ಥ. ತುಂಬುವ ದಿನ ತೇವಮಾಪಕದ ಎರಡು ಮೊಳೆಗಳನ್ನು ಮರಕ್ಕೆ ಚುಚ್ಚಿ ನೋಡಿ. ಶೇ 20 ದಾಟಿದ್ದನ್ನು ಪಕ್ಕಕ್ಕಿಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ಎರಡೂ ಗೋಡೆಗಳ ಉದ್ದಕ್ಕೂ ನೇತುಹಾಕಿ, ಆದರೆ ಅವುಗಳ ಹೊರಕವಚ ಹರಿಯುವುದು ಬಾಗಿಲು ಮುಚ್ಚುವ ಸ್ವಲ್ಪ ಮುಂಚೆ. ಬೆಳಿಗ್ಗೆಯೇ ಬಿಚ್ಚಿದರೆ ಅವು ಹೊರಗಿನ ಗಾಳಿಯನ್ನೇ ಕುಡಿದು ಮುಗಿಸುತ್ತವೆ. ಒದ್ದೆ ಗಾಳಿಯಲ್ಲಿ ರಟ್ಟು ಅರ್ಧದಷ್ಟು ಬಲ ಕಳೆದುಕೊಳ್ಳಬಲ್ಲದು. ನಿಮ್ಮ ಪೆಟ್ಟಿಗೆಗಳು ಕುಸಿದದ್ದೂ ಹೀಗೆಯೇ ಇರಬೇಕು.

ಮುಂದಿನ ಸಲ ಖಾಲಿ ಕಂಟೇನರ್ ಬಂದಾಗ, ಹೊರಗೊಬ್ಬರನ್ನು ನಿಲ್ಲಿಸಿ, ಬಾಗಿಲು ಹಾಕಿಸಿಕೊಂಡು ಒಳಗೆ ನಿಲ್ಲಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೇನರ್ ಬೇಡವೆನ್ನಿ. ಸಮುದ್ರದ ನೀರು ನುಗ್ಗಿದ ಅನುಮಾನವಿದ್ದರೆ ಹಾನಿ ಪರಿಶೀಲಿಸುವ ಸರ್ವೇಯರ್ ಸಿಲ್ವರ್ ನೈಟ್ರೇಟ್ ಹನಿಸಿ ನೋಡುತ್ತಾರೆ. ಹಾಲಿನಂತೆ ಬೆಳ್ಳಗಾದರೆ ಉಪ್ಪಿದೆ ಎಂದು ಲೆಕ್ಕ. ವಿಮೆಯವರ ಮುಂದೆ ಇದು ಬಹಳ ಮುಖ್ಯ.

ಪ್ರಶ್ನೆ: ಆಕ್ಸಲ್ಲಿಗೆ ಒಂದೆರಡು ಟನ್ ಹೆಚ್ಚು ಹೇರಿದರೆ ರಸ್ತೆಗೆ ಅಂಥದ್ದೇನು ಆಗುತ್ತದೆ?

ಉತ್ತರ: ರಸ್ತೆಯ ಸವೆತ ಹೆಚ್ಚುವುದು ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತಕ್ಕೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕವಿದು. 10 ಟನ್ ಇದ್ದದ್ದು 12 ಆದರೆ ಹಾನಿ ಎರಡರಷ್ಟು. 20 ಆದರೆ ಹದಿನಾರರಷ್ಟು. ಉಳಿದ ಬಾಡಿಗೆ ಒಬ್ಬರ ಜೇಬಿಗೆ, ಗುಂಡಿ ಎಲ್ಲರ ಪಾಲಿಗೆ. ಒಟ್ಟು ತೂಕ ಮಿತಿಯೊಳಗಿದ್ದರೂ ಭಾರವೆಲ್ಲ ಹಿಂದಕ್ಕೆ ಬಿದ್ದರೆ ಹಿಂದಿನ ಆಕ್ಸಲ್ ಮಿತಿ ಮೀರುತ್ತದೆ. ಆದ್ದರಿಂದ ಆಕ್ಸಲ್ ಆಕ್ಸಲ್ಲಾಗಿ ತೂಗಿಸಿ.

ಪ್ರಶ್ನೆ: ಒಂದು ಕಾಲುವೆ ಕೆಲವು ದಿನ ಮುಚ್ಚಿದರೆ ತಿಂಗಳುಗಟ್ಟಲೆ ಪರದಾಟವೇಕೆ?

ಉತ್ತರ: 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿತು, ಬಿಡಿಸಿದ್ದು 29ಕ್ಕೆ. ಅಷ್ಟು ದಿನ ಕಾದು ಬಿಡುಗಡೆಯಾದ ಹಡಗುಗಳೆಲ್ಲ ಬಂದರುಗಳಿಗೆ ಒಟ್ಟಿಗೇ ಬಂದು ಸಾಲುಗಟ್ಟಿದವು. ಅಲ್ಲಿ ಕ್ರೇನು, ಅಂಗಳ, ಲಾರಿ ಇರುವುದು ದಿನದ ಲೆಕ್ಕಕ್ಕೆ ಸಾಕಾಗುವಷ್ಟೇ.

ಸುತ್ತುದಾರಿ ಹಿಡಿದರೆ ತೊಂದರೆ ಬೇರೆ ಬಗೆಯದು. ವಾರಕ್ಕೊಂದು ಹಡಗು ಹೊರಡುವ ಮಾರ್ಗದಲ್ಲಿ ಹೋಗಿ ಬರಲು 70 ದಿನವಾದರೆ 10 ಹಡಗು ಬೇಕು. ಆಫ್ರಿಕಾದ ತುದಿ ಬಳಸಿ 84 ದಿನವಾದರೆ 12. ಒಂದು ಹಡಗೂ ಮುಳುಗದೆ ಎರಡು ಹಡಗು ಕೊರತೆ ಬಿತ್ತು, ಬಾಡಿಗೆ ಏರಿತು. ಸರಕಿನಲ್ಲಿ ಸಿಕ್ಕಿಕೊಂಡ ಹಣವೂ ಅಷ್ಟು ದಿನ ಹೆಚ್ಚು ಸಿಕ್ಕಿಕೊಂಡಿರುತ್ತದೆ: ವರ್ಷಕ್ಕೆ ಶೇ 12 ಬಡ್ಡಿಯಾದರೆ ತಿಂಗಳ ತಡಕ್ಕೆ ಸರಕಿನ ಬೆಲೆಯ ಶೇ 1.

ದಾಸ್ತಾನು ಇಡುವಾಗ ಸರಾಸರಿ ದಿನಗಳನ್ನು ನಂಬಿ ಕೂರಬೇಡಿ. ಸದಾ 40 ದಿನಕ್ಕೇ ತಲುಪುವ ಸರಕಿಗೆ ಹೆಚ್ಚುವರಿ ದಾಸ್ತಾನು ಕಡಿಮೆ ಸಾಕು. ಒಮ್ಮೆ 30, ಒಮ್ಮೆ 45 ಎಂದು ಏರುಪೇರಾಗುವ ಸರಕಿಗೆ 30 ದಿನ ಮುಂಚೆ ಆರ್ಡರ್ ಹಾಕುವ ರೂಢಿಯಿದ್ದರೆ, ಇನ್ನೂ 15 ದಿನದ ಖರ್ಚಿಗಾಗುವಷ್ಟು ಗೋದಾಮಿನಲ್ಲಿರಬೇಕು.